ಜೇನು ಪೆಟ್ಟಿಗೆಯ ಲೆಕ್ಕ ಮಳೆಗಾಲದಿಂದ ಶುರು

ಜೇನು ಸಾಕಣೆ ಕಲಿಯಲು ಹೋದವರು ಮೊದಲ ದಿನವೇ ಒಂದು ಗುಣಾಕಾರ ಮಾಡಿಕೊಂಡು ಬರುತ್ತಾರೆ. ಹತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹತ್ತು ಕೆಜಿ, ಕೆಜಿಗೆ 500 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 50 ಸಾವಿರ. ನಾನೂ ಬರೆದುಕೊಂಡಿದ್ದೆ. ಬೆಲೆ ಬಿಡಿ, ಅದು ಊರಿಂದೂರಿಗೆ ಬೇರೆ. ತೊಂದರೆ ಇರುವುದು ಆ ಮೊದಲ ಹತ್ತರಲ್ಲಿ. ಮೇ ತಿಂಗಳಲ್ಲಿ ಹತ್ತು ಇದ್ದ ಜೇನು ಕುಟುಂಬ (ಪೆಟ್ಟಿಗೆಗೆ ಒಂದರಂತೆ) ಅಕ್ಟೋಬರ್‌ಗೆ ಎಷ್ಟು ಉಳಿದಿರುತ್ತದೆ? ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆಗೆ ಇದೇ ನಿಜವಾದ ಪ್ರಶ್ನೆ.

ನಾವು ಸಾಕುವುದು ತುಡುವೆ, ಅಂದರೆ ಏಪಿಸ್ ಸೆರಾನ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ (ಮೇಣದ ಗೂಡು) ಕಟ್ಟುವ ಜಾತಿ, ಪೆಟ್ಟಿಗೆಗೆ ಒಗ್ಗುವುದಿಲ್ಲ. ಯುರೋಪಿನ ಜಾತಿಯಾದ ಮೆಲ್ಲಿಫೆರಾ ಜಾಸ್ತಿ ಜೇನುತುಪ್ಪ ಕೊಡುತ್ತದೆ ನಿಜ, ಆದರೆ ಹೂವು ಇರುವಲ್ಲಿಗೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೊತ್ತು ತಿರುಗಬೇಕು. ಒಂದೆರಡು ಎಕರೆ ಅಡಿಕೆ ತೋಟದವರಿಗೆ ಅದು ಆಗುವ ಮಾತಲ್ಲ.

ಈಗ ಮಳೆಗಾಲದ ವಿಷಯಕ್ಕೆ ಬರೋಣ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಜಡಿಮಳೆಯಲ್ಲಿ ಹುಳ ಹೊರಗೆ ಹಾರುವುದಿಲ್ಲ, ಹಾರಿದರೂ ಹೂವಿನಲ್ಲಿ ಮಕರಂದ ತೊಳೆದುಹೋಗಿರುತ್ತದೆ. ಆಹಾರ ಒಳಗೆ ಬರದಿದ್ದರೆ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ, ಹುಳಗಳ ಸಂಖ್ಯೆ ಇಳಿಯುತ್ತದೆ, ಆಮೇಲೆ ಹುಳ ಕೂರದ ಖಾಲಿ ಎರಿಗೆ ಮೇಣದ ಹುಳು (ಎರಿ ತಿನ್ನುವ ಪತಂಗದ ಮರಿ) ಬೀಳುತ್ತದೆ, ಕೊನೆಗೆ ಒಂದು ದಿನ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹೊರಟುಹೋಗುತ್ತದೆ. ನಾವು ಮೇಣದ ಹುಳುವನ್ನು ಬೈಯುತ್ತೇವೆ. ಆದರೆ ಎಷ್ಟೋ ಸಲ ತಪ್ಪು ನಡೆದಿರುವುದು ಮೇ ತಿಂಗಳಲ್ಲಿ, ಆಸೆಗೆ ಬಿದ್ದು, ಮೊಟ್ಟೆ ಮರಿ ಇರುವ ಕೆಳಗಿನ ಸಂಸಾರ ಕೋಣೆಯ ತುಪ್ಪವನ್ನೂ ತೆಗೆದಾಗ. ಮೇಲಿನ ಜೇನು ಕೋಣೆಯದು ಮಾತ್ರ ನಮ್ಮದು, ಕೆಳಗಿನದು ಅವುಗಳ ಮಳೆಗಾಲದ ಊಟ.

ಅದೂ ಸಾಲದಿದ್ದರೆ ಸಕ್ಕರೆ ಪಾಕ ಕೊಡಬೇಕು. ಸಕ್ಕರೆ ನೀರು ಸಮಸಮ, ಪೆಟ್ಟಿಗೆಯ ಒಳಗೇ ಇಡಬೇಕು, ಅದೂ ಸಂಜೆ ಹೊತ್ತು. ಕಳೆದ ಆಷಾಢದಲ್ಲಿ ಮಳೆ ಸ್ವಲ್ಪ ಹೊಳವಾಯಿತು ಅಂತ ನಾನು ಮಧ್ಯಾಹ್ನ ಇಟ್ಟೆ, ಹೊರಗೂ ಸ್ವಲ್ಪ ಚೆಲ್ಲಿತು. ಪಕ್ಕದ ಪೆಟ್ಟಿಗೆಯ ಹುಳಗಳು ನುಗ್ಗಿ ಕದಿಯಲು ಶುರು ಮಾಡಿದವು. ಎರಡು ದಿನ ಬಿಟ್ಟು ನೋಡಿದರೆ ಪೆಟ್ಟಿಗೆ ಖಾಲಿ.

ರೋಗದ್ದೂ ಒಂದು ಮಾತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನುವ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೆಚ್ಚು ಕಡಿಮೆ ಗುಡಿಸಿಹಾಕಿತು. ಮರಿ ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಇದನ್ನು ವಾಸಿ ಮಾಡುವ ಔಷಧ ಇಲ್ಲ. ಹಾಗಾಗಿ ತಡೆದುಕೊಂಡು ಉಳಿದ ಗಟ್ಟಿ ಕುಟುಂಬವನ್ನೇ ಪಾಲು ಮಾಡಿ, ಅಂದರೆ ಒಂದನ್ನು ಎರಡು ಮಾಡಿ.

ಪಾಲು ಅಂದರೆ ಎರಡನೇ ಆದಾಯ. ಮಳೆ ನಿಂತ ಮೇಲೆ ಕುಟುಂಬ ಬೆಳೆಯುತ್ತದೆ. ಆಗ ಗಂಡು ಹುಳಗಳೂ ಇದ್ದರೆ ಮೊಟ್ಟೆ, ಎಳೆ ಮರಿ ಇರುವ ಎರಿಗಳನ್ನು ಹುಳಗಳ ಸಮೇತ ಬೇರೆ ಪೆಟ್ಟಿಗೆಗೆ ಹಾಕಿದರೆ ಅವು ಹೊಸ ರಾಣಿ ಎಬ್ಬಿಸಿಕೊಳ್ಳುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ. ಹುಳ ತುಂಬಿದ ಪೆಟ್ಟಿಗೆಗೆ ಗಿರಾಕಿ ಇದ್ದಾರೆ, ಏಕೆಂದರೆ ಸಹಾಯಧನದಲ್ಲಿ ಬಂದ ಎಷ್ಟೋ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿವೆ, ಅಲ್ವಾ? ಆದರೆ ಪಾಲು ಮಾಡಿದ ಕುಟುಂಬ ಆ ವರ್ಷ ತುಪ್ಪ ಕಡಿಮೆ ಕೊಡುತ್ತದೆ. ಎರಡನ್ನೂ ಪೂರ್ತಿ ಲೆಕ್ಕಕ್ಕೆ ಹಿಡಿಯಬೇಡಿ.

ತುಪ್ಪ ತೆಗೆಯುವಾಗ ಎರಿಯ ಮುಕ್ಕಾಲು ಭಾಗಕ್ಕಾದರೂ ಮೇಣದ ಮುಚ್ಚಳ ಬಿದ್ದಿರಲಿ. ನೀರಿನಂಶ 20 ಶೇಕಡಾ ದಾಟಿದರೆ ಹುಳಿ ಬರುತ್ತದೆ. ಎರಿ ಹಿಂಡಬೇಡಿ, ಯಂತ್ರದಲ್ಲಿ ತಿರುಗಿಸಿ. ಎರಿ ಉಳಿದರೆ ಹುಳಗಳು ಮತ್ತೆ ಮೇಣಕ್ಕೆಂದು ತುಪ್ಪ ಖರ್ಚು ಮಾಡುವುದು ತಪ್ಪುತ್ತದೆ.

ಪರಾಗಸ್ಪರ್ಶದ ಲಾಭವನ್ನು ಸುಮ್ನೆ ಎಲ್ಲ ಬೆಳೆಗೂ ಅಂಟಿಸಬೇಡಿ. ಏಲಕ್ಕಿಗೆ ಜೇನು ಬೇಕೇ ಬೇಕು, ಗೇರಿಗೂ ಒಳ್ಳೆಯದು. ಅಡಿಕೆಗೆ ಮುಖ್ಯವಾಗಿ ಗಾಳಿಯೇ ಸಾಕು, ಹುಳ ಅಲ್ಲಿಗೆ ಹೋಗುವುದು ಪರಾಗ ತರಲು.

ಶುರು ಮಾಡುವವರು ಒಂದರ ಬದಲು ಎರಡು ಪೆಟ್ಟಿಗೆ ಇಡಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ ಕೊಟ್ಟು ಉಳಿಸಬಹುದು. ನನ್ನ ಪುಸ್ತಕದಲ್ಲಿ ಆ ಹತ್ತನ್ನು ಹೊಡೆದುಹಾಕಿ, ಅಕ್ಟೋಬರ್‌ಗೆ ಉಳಿದದ್ದನ್ನು ಬರೆದಿದ್ದೇನೆ: ಎರಡು. ಖರ್ಚಿನ ಕಡೆ ಮೊದಲ ಸಾಲು ಸಕ್ಕರೆ.