ಹಿಂಬದಿ ಕಳೆದುಕೊಂಡ ಫೋಟೋಗಳು

ಮೈಸೂರು ವಿಶ್ವವಿದ್ಯಾಲಯದ ಹಳೆಯ ಫೋಟೋ ಎಂದರೆ ಯಾವ ಊರಿನ ಫೋಟೋ? ಪ್ರಶ್ನೆ ಸರಳವಾಗಿ ಕಾಣುತ್ತದೆ, ಉತ್ತರ ಹಾಗಿಲ್ಲ. ಕಮಾನುಗಳ ಮುಂದೆ ಮೂರು ಸಾಲು ಜನ, ಪೇಟ, ಮುಚ್ಚುಗೊರಳಿನ ಕೋಟು, ನಡುವೆ ಬೆತ್ತದ ಕುರ್ಚಿಗಳು. ಇಂಥ ಗುಂಪು ಚಿತ್ರ ಒಂದು ಕಡೆ ಮೈಸೂರಿನ ಮಹಾರಾಜ ಕಾಲೇಜಿನದು ಎಂದೂ ಇನ್ನೊಂದು ಕಡೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನದು ಎಂದೂ ಓಡಾಡುತ್ತಿರುತ್ತದೆ. ಇಸವಿಯಂತೂ ಹಂಚಿಕೊಂಡವರಿಗೆ ತೋಚಿದ್ದು. ಚಿತ್ರ ಉಳಿದಿದೆ, ಅದರ ಬೆನ್ನಿಗಿದ್ದ ವಿವರ ಹೋಗಿದೆ. ಅದು ಹೇಗೆ ಹೋಯಿತು ಎಂದು ತಿಳಿಯಲು ವಿಶ್ವವಿದ್ಯಾಲಯ ಹರಡಿಕೊಂಡ ರೀತಿಯನ್ನೇ ನೋಡಬೇಕು.

1916ರ ಜುಲೈ 27ರಂದು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಆದರೆ ಆ ದಿನ 'ಕ್ಯಾಂಪಸ್' ಎಂದು ಕರೆಯುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಎರಡು ಊರಿನ ಎರಡು ಹಳೆಯ ಕಾಲೇಜುಗಳು: 1833ರ ರಾಜಾ ಶಾಲೆಯಿಂದ ಬೆಳೆದ ಮೈಸೂರಿನ ಮಹಾರಾಜ ಕಾಲೇಜು, 1858ರ ಹೈಸ್ಕೂಲಿನಿಂದ ಬೆಳೆದ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಈಗ ಎಲ್ಲರ ಕಣ್ಣಿಗೆ ಕಟ್ಟುವ ಮಾನಸಗಂಗೋತ್ರಿ ಕ್ಯಾಂಪಸ್, ಕುವೆಂಪು ಕುಲಪತಿಗಳಾಗಿದ್ದ 1956-60ರ ಅವಧಿಯದು. ಹೆಸರಿಟ್ಟವರೂ ಅವರೇ. ಅಲ್ಲಿನ ಜಯಲಕ್ಷ್ಮೀವಿಲಾಸ ಅರಮನೆ 1905ರದ್ದಾದರೂ ವಿಶ್ವವಿದ್ಯಾಲಯದ ಕೈಸೇರಿದ್ದು 1959ರಲ್ಲಿ. ಆದ್ದರಿಂದ ಜಯಲಕ್ಷ್ಮೀವಿಲಾಸದ 1920ರ ಫೋಟೋ ವಿಶ್ವವಿದ್ಯಾಲಯದ ಫೋಟೋ ಅಲ್ಲ. ಅದು ಅರಮನೆಯ ಫೋಟೋ. ಈ ಸಣ್ಣ ವ್ಯತ್ಯಾಸ ಅಡಿಬರಹಗಳಲ್ಲಿ ಮೇಲಿಂದ ಮೇಲೆ ತಪ್ಪಿಹೋಗುತ್ತದೆ.

ಮುಂದಿನದು ಒಡೆಯುವ ಕಾಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು, ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು. 1980ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಮಂಗಳಗಂಗೋತ್ರಿ ಮಂಗಳೂರು ವಿಶ್ವವಿದ್ಯಾಲಯವಾಯಿತು, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರು ಭಾಗವಾಗಿ ಸೆಂಟ್ರಲ್ ಕಾಲೇಜು ಮತ್ತೊಂದು ಆಡಳಿತಕ್ಕೆ ಸೇರಿತು. ಹೀಗೆ ಸಂಸ್ಥೆ ಒಡೆದಾಗ ಜಮೀನಿಗೆ ಕಾಗದ ಇರುತ್ತದೆ, ನೌಕರರಿಗೆ ಪಟ್ಟಿ ಇರುತ್ತದೆ. ಗೋಡೆಗೆ ನೇತುಹಾಕಿದ ಫೋಟೋಗೆ ಎರಡೂ ಇರುವುದಿಲ್ಲ. ಅದು ಗೋಡೆಯ ಜೊತೆಗೇ ಹೋಗುತ್ತದೆ. ಗೋಡೆಗೆ ಸುಣ್ಣ ಹೊಡೆಯುವಾಗ ಕೆಳಗಿಳಿದದ್ದು ಬೀರುವಿನ ಮೇಲೇ ಉಳಿಯುತ್ತದೆ.

ಅಲ್ಲಿಂದ ಫ್ರೇಮ್ ಅಂಗಡಿ. ಹಳೆಯ ಗುಂಪು ಚಿತ್ರಗಳನ್ನು ಸ್ಟುಡಿಯೋದವರು ದಪ್ಪ ರಟ್ಟಿಗೆ ಅಂಟಿಸಿ ಕೊಡುತ್ತಿದ್ದರು. ರಟ್ಟಿನ ಕೆಳ ಅಂಚಿನಲ್ಲಿ ಸಂಘದ ಹೆಸರು, ಇಸವಿ, 'ಕುಳಿತವರು, ಎಡದಿಂದ ಬಲಕ್ಕೆ' ಎಂದು ಸಾಲುಸಾಲಾಗಿ ಹೆಸರುಗಳು, ಮೂಲೆಯಲ್ಲಿ ಸ್ಟುಡಿಯೋ ಮುದ್ರೆ. ಹೊಸ ಚೌಕಟ್ಟಿಗೆ ಅಳತೆ ಕೂಡದಿದ್ದಾಗ ಕತ್ತರಿಗೆ ಮೊದಲು ಸಿಗುವುದು ಆ ಅಂಚೇ. ಒಂದೂವರೆ ಇಂಚು ರಟ್ಟು ಕತ್ತರಿಸಿದರೆ ನಲವತ್ತು ಜನರ ಹೆಸರು ಹೋಗುತ್ತದೆ. ಆಮೇಲೆ ಬಂದ ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಸಿ ಪ್ಲಾಸ್ಟಿಕ್ ಚಿತ್ರದ ಪದರಕ್ಕೆ ಕಚ್ಚಿಕೊಂಡರೆ ಬಿಡಿಸಲು ಆಗುವುದೇ ಇಲ್ಲ.

ಹೆಸರು ಹೋದ ಚಿತ್ರಕ್ಕೆ ಕಾಲ ಹೇಗೆ ಕಟ್ಟುವುದು? ಇಂಥದೇ ವರ್ಷ ಎಂದು ಹೇಳುವ ಹಟ ಬಿಟ್ಟು, 'ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ' ಎಂಬ ಎರಡು ಗೂಟ ಹೊಡೆಯುವುದು ಮೊದಲ ಕೆಲಸ. ಚಾಮುಂಡಿ ಬೆಟ್ಟದಿಂದ ತೆಗೆದ ಊರಿನ ನೋಟ ಸಿಕ್ಕಿತು ಎನ್ನಿ. ಈಗಿನ ಅರಮನೆ ಪೂರ್ತಿಯಾಗಿ ನಿಂತಿದ್ದರೆ ಚಿತ್ರ 1912ಕ್ಕಿಂತ ಹಿಂದಿನದಲ್ಲ. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಂಡರೆ 1933ಕ್ಕಿಂತ ಈಚಿನದು, ಏಕೆಂದರೆ ಅದರ ಅಡಿಗಲ್ಲು ಬಿದ್ದದ್ದೇ ಆ ವರ್ಷ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಎಲ್ಲ ಚಿತ್ರದಲ್ಲೂ ಇರುತ್ತದೆ. ಅದು ದಿಕ್ಕು ತಿಳಿಯಲು ಆಗುತ್ತದೆ, ಕಾಲ ತಿಳಿಯಲು ಅಲ್ಲ. ಕೆರೆಯ ಆಚೆಗೆ ಬರೀ ಬಯಲಿದೆಯೋ ಕಟ್ಟಡಗಳಿವೆಯೋ ಎಂಬುದು ಮಾನಸಗಂಗೋತ್ರಿಯ ಹಿಂದು-ಮುಂದನ್ನು ಹೇಳುತ್ತದೆ.

ವ್ಯಕ್ತಿಗಳೂ ಗೂಟಗಳೇ. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದು 1918ರಿಂದ 1921ರವರೆಗೆ. ಅವರು ಅಧ್ಯಾಪಕರ ಸಾಲಿನಲ್ಲಿ ಕುಳಿತಿದ್ದರೆ ಮೂರು ವರ್ಷಕ್ಕೆ ಲೆಕ್ಕ ಇಳಿಯಿತು. ಹಿಂಬದಿಯ ಸ್ಟುಡಿಯೋ ಮುದ್ರೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ ನಂತರದ್ದು. ಫಲಕದಲ್ಲಿ 'ಕರ್ನಾಟಕ ಸರ್ಕಾರ' ಎಂದಿದ್ದರೆ 1973ರ ನವೆಂಬರ್ 1ರ ಈಚಿನದು. ಇಲ್ಲೊಂದು ಎಚ್ಚರಿಕೆ ಬೇಕು. ಮುದ್ರೆ ಹೇಳುವುದು ಪ್ರತಿ ತೆಗೆದ ಕಾಲವನ್ನು, ಚಿತ್ರ ತೆಗೆದ ಕಾಲವನ್ನಲ್ಲ. 1925ರ ಚಿತ್ರವನ್ನು 1975ರಲ್ಲಿ ಮತ್ತೆ ಕ್ಯಾಮೆರಾ ಹಿಡಿದು ತೆಗೆಸಿದ ಪ್ರತಿಗಳು ಬೇಕಾದಷ್ಟಿವೆ. ಅಂಥ ಪ್ರತಿಯಲ್ಲಿ ಮೂಲದ ಗೀರು, ಮಡಿಕೆಗಳು ಚಿತ್ರದೊಳಗೇ ಇರುತ್ತವೆ. ಬೆರಳಾಡಿಸಿದರೆ ಕಾಗದ ನುಣ್ಣಗಿರುತ್ತದೆ.

ಎಡಬಲ ಅದಲುಬದಲಾದ ಚಿತ್ರಗಳ ವಿಷಯ ಇನ್ನೂ ನಾಜೂಕು. ನೆಗೆಟಿವ್ ಆಗಿ ಬಳಸುತ್ತಿದ್ದ ಗಾಜಿನ ಪ್ಲೇಟಿನ ಒಂದು ಮೈಗೆ ಮಾತ್ರ ಬೆಳಕಿಗೆ ಸ್ಪಂದಿಸುವ ಮದ್ದಿನ ಪದರ ಇರುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಆ ಮೈ ಮಂದವಾಗಿ, ಇನ್ನೊಂದು ಮೈ ಹೊಳೆಯುತ್ತ ಕಾಣುತ್ತದೆ. ತಿರುಗಿಸಿಟ್ಟು ಪ್ರತಿ ತೆಗೆದರೆ ಅಥವಾ ಸ್ಕ್ಯಾನ್ ಮಾಡಿದರೆ ಇಡೀ ಕಟ್ಟಡ ಕನ್ನಡಿಯೊಳಗಿನದಾಗುತ್ತದೆ. ಫಲಕದ ಅಕ್ಷರ ಇದ್ದರೆ ತಕ್ಷಣ ಗೊತ್ತಾಗುತ್ತದೆ, ಇಲ್ಲದಿದ್ದರೆ ಬಟ್ಟೆ ನೋಡಬೇಕು. ಗಂಡಸರ ಕೋಟಿನ ಎದೆಜೇಬು ಅವರ ಎಡಕ್ಕೆ, ಅಂದರೆ ನೋಡುವವರ ಬಲಕ್ಕೆ ಬರಬೇಕು. ಗುಂಡಿ ಹಾಕುವಾಗ ಎಡ ಮಗ್ಗುಲು ಬಲದ ಮೇಲೆ ಬರುತ್ತದೆ. ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲೆ. ಒಬ್ಬರದು ತಿರುಗಾಮುರುಗಾ ಇದ್ದರೆ ಅದು ಅವರ ರೂಢಿ, ಸಾಲಿಗೆ ಸಾಲೇ ಹಾಗಿದ್ದರೆ ಪ್ಲೇಟು ತಿರುಗಿದೆ. ಇದನ್ನು ನೋಡದೆ ಅಡಿಬರಹ ಹಾಕಿದರೆ 'ಎಡದಿಂದ ಬಲಕ್ಕೆ' ಎಂಬ ಪಟ್ಟಿ ಸರಿಯಾಗಿದ್ದೂ ಎಲ್ಲರಿಗೂ ಬೇರೆಯವರ ಹೆಸರು ಬೀಳುತ್ತದೆ.

ಬಣ್ಣದ ವಾದವೂ ಹೀಗೆಯೇ. ಪಾರಂಪರಿಕ ಕಟ್ಟಡದ ದುರಸ್ತಿಯ ಮಾತು ಬಂದಾಗಲೆಲ್ಲ ಯಾರಾದರೂ ಹಳೆಯ ಫೋಟೋ ತೋರಿಸಿ 'ಗೋಡೆ ಬಿಳಿಯಿತ್ತು, ಹೆಂಚು ಕಪ್ಪಿತ್ತು' ಎನ್ನುತ್ತಾರೆ. 1920ರ ದಶಕದವರೆಗೆ ಬಳಕೆಯಲ್ಲಿದ್ದ ಸಾಮಾನ್ಯ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಕೆಂಪು ಹೆಂಚು, ಕುಂಕುಮ ಬಣ್ಣದ ಸೀರೆ ಕಪ್ಪಾಗುತ್ತಿದ್ದವು, ನೀಲಿ ಆಕಾಶ ಬೆಳ್ಳಗೆ ಖಾಲಿಯಾಗುತ್ತಿತ್ತು, ತಿಳಿನೀಲಿ ಗೋಡೆಯೂ ಬಿಳಿಯೇ. ಫೋಟೋದಿಂದ ಕಂಬಗಳ ಸಂಖ್ಯೆ, ಕಿಟಕಿಯ ಅಳತೆ, ಚಾವಣಿಯ ಇಳಿಜಾರು ತೆಗೆಯಬಹುದು. ಬಣ್ಣಕ್ಕೆ ಮಾತ್ರ ಗೋಡೆಯನ್ನೇ ಕೇಳಬೇಕು: ಮೂಲೆಯೊಂದರಲ್ಲಿ ಸುಣ್ಣದ ಪದರಗಳನ್ನು ಒಂದೊಂದಾಗಿ ಕೆರೆದು ನೋಡಬೇಕು.

2016ರ ಶತಮಾನೋತ್ಸವದ ಹೊತ್ತಿಗೆ ಹಳೆಯ ಚಿತ್ರಗಳ ಹುಡುಕಾಟ ಜೋರಾಯಿತು, ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಗಾಜಿನ ಮೇಲಿಂದಲೇ ತೆಗೆದ, ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದ ಪ್ರತಿಗಳು ಹರಡಿದವು. ಉತ್ಸಾಹ ನಿಜವಾದದ್ದು, ಅದರಿಂದ ಒಳ್ಳೆಯದೂ ಆಗಿದೆ. ಆದರೆ ಹಿಂಬದಿಯ ಪ್ರತಿ ತೆಗೆದವರು ಕಡಿಮೆ. ಹಿಂಬದಿ ಇಲ್ಲದ ಸ್ಕ್ಯಾನ್ ಅರ್ಧ ಸ್ಕ್ಯಾನ್.

ಸರಿಯಾಗಿ ಮಾಡುವುದು ದುಬಾರಿಯೇನಲ್ಲ. ಚಿತ್ರ ಗಾಜಿಗೆ ಅಂಟಿದ್ದರೆ ಕೀಳಬಾರದು, ಗಾಜಿನ ಸಮೇತ ಇಟ್ಟು ಪ್ರತಿ ತೆಗೆಯಬೇಕು. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬಾರದು. ಜೆಲಟಿನ್ ಪದರ ನೀರು ಕುಡಿದು ಉಬ್ಬುತ್ತದೆ, ಬಟ್ಟೆಯ ಜೊತೆ ಮುಖವೂ ಬರುತ್ತದೆ. ಬೇರೆ ಚಿತ್ರಗಳಿಂದ ದೂರವಿಟ್ಟು, ಗಾಳಿಗೆ ಒಣಗಿಸಿ, ಮೃದುವಾದ ಬ್ರಷ್ಷಿನಿಂದ ಹೊರಗೆ ಝಾಡಿಸಬೇಕು. ಆಮೇಲೆ ಮುಂಭಾಗ, ಹಿಂಭಾಗ, ರಟ್ಟಿನ ಅಂಚು ಮೂರನ್ನೂ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಬೇಕು. ಆರೂವರೆಗೆ ಎಂಟೂವರೆ ಇಂಚಿನ ಫುಲ್‌ಪ್ಲೇಟ್ ಚಿತ್ರಕ್ಕೆ ಸುಮಾರು 60 ಎಂಬಿ ಆಗುತ್ತದೆ, ಸಾವಿರ ಚಿತ್ರದ ಮುಖಭಾಗಗಳಷ್ಟೇ ಆದರೆ 60 ಜಿಬಿ. ಗುಂಪು ಚಿತ್ರದಲ್ಲಿ ಹೆಸರುಕಾಳಿನಷ್ಟು ಚಿಕ್ಕ ಮುಖಗಳಿದ್ದರೆ 1200ಕ್ಕೆ ಏರಿಸಬೇಕು. ವಾಟ್ಸಾಪಿನಲ್ಲಿ ಬಂದ ಪ್ರತಿಯಿಂದ ಮುಖ ಗುರುತಿಸುವ ಆಸೆ ಬೇಡ, ಅದರಲ್ಲಿ ಕಣ್ಣುಮೂಗು ಆಗಲೇ ಕರಗಿರುತ್ತವೆ.

ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಬಾರದು, ಭಾರಕ್ಕೆ ಕೆಳಗಿನದು ಸೀಳುತ್ತದೆ. ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ ಉದ್ದ ಅಂಚಿನ ಮೇಲೆ ನಿಲ್ಲಿಸಬೇಕು. 1950ರ ದಶಕದಿಂದೀಚಿನ ಫಿಲ್ಮ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅದರ ಆವಿ ಪಕ್ಕದ ಡಬ್ಬಿಗಳನ್ನೂ ಕೆಡಿಸುವುದರಿಂದ ಬೇರೆ ಇಟ್ಟು ಅದನ್ನೇ ಮೊದಲು ಸ್ಕ್ಯಾನ್ ಮಾಡಬೇಕು. ಕರಾವಳಿಯ ತೇವದಲ್ಲಿ ಈ ಕೆಲಸಕ್ಕೆ ಮೈಸೂರಿನಷ್ಟು ಕಾಲಾವಕಾಶ ಸಿಗುವುದಿಲ್ಲ.

ಹೆಸರು ಮರಳಿ ತರಲು ಹಳೆಯ ಉಪಾಯವೇ ಒಳ್ಳೆಯದು. ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ತಲೆಗಳ ಗೆರೆ ಮಾತ್ರ ಎಳೆದು ಒಂದೊಂದಕ್ಕೂ ಸಂಖ್ಯೆ ಕೊಡಬೇಕು. ಆ ಹಾಳೆಯನ್ನು ಹಳೆಯ ವಿದ್ಯಾರ್ಥಿಗಳ ಮುಂದಿಟ್ಟು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಪಕ್ಕದಲ್ಲಿ ಬರೆಯಬೇಕು. 17ನೇ ಮುಖಕ್ಕೆ ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಉಳಿಸಬೇಕು. ಮಾನಸಗಂಗೋತ್ರಿಯ ಮೊದಲ ವರ್ಷಗಳಲ್ಲಿ ಎಂ.ಎ. ಓದಿದವರಿಗೆ ಈಗ ಎಂಬತ್ತೈದರ ಆಸುಪಾಸು. ಹಾಗಾಗಿ ಪೆಟ್ಟಿಗೆ ತೆರೆಯುವಾಗ 1916ರ ಗಾಜಿನ ಪ್ಲೇಟುಗಳಿಗಿಂತ 1960ರ ಗುಂಪು ಚಿತ್ರಗಳನ್ನು ಮೊದಲು ಎತ್ತಿಕೊಳ್ಳಬೇಕು.