ಏರಿಯ ಬುಡದಲ್ಲಿ ಜಿನುಗುವ ನೀರು

ಕೋಲಾರದ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಫಿಲ್ಟರ್ ಮರಳಿನ ಲಾರಿಗಳು ಹೊಸತಲ್ಲ. ಕೆರೆಯಂಗಳದ ಮಣ್ಣನ್ನು ತೊಳೆದು ತೆಗೆದ ಆ ಮರಳನ್ನು ನೀರು ಬಸಿಯುವ ಮೊದಲೇ ಲಾರಿಗೆ ತುಂಬುತ್ತಾರೆ. ಹೊರಡುವಾಗ ಗೋಪುರದಂತೆ ನಿಂತಿದ್ದ ರಾಶಿ ಹಳ್ಳ ಬಿದ್ದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಕುಲುಕಿದ ಮೇಲೆ ತಟ್ಟೆಯಂತೆ ಸಮತಟ್ಟಾಗಿರುತ್ತದೆ, ಮೇಲೆ ಬೆರಳುದ್ದ ನೀರು ಹೊಳೆಯುತ್ತಿರುತ್ತದೆ, ಹಿಂದಿನ ಬಾಗಿಲ ಸಂದಿನಿಂದ ದಾರಿಯುದ್ದಕ್ಕೂ ನೀರು ಸೋರುತ್ತಿರುತ್ತದೆ. ಲಾರಿಗೆ ಯಾರೂ ಹೊಸದಾಗಿ ನೀರು ಸುರಿದಿಲ್ಲ. ಕಣಗಳ ನಡುವೆ ಅಡಗಿದ್ದ ನೀರೇ ಮೇಲೆ ಬಂದಿದೆ.

ಗಣಿ ತ್ಯಾಜ್ಯದ ಕಟ್ಟೆಗಳು ಒಡೆಯುವುದರ ಹಿಂದೆ ಹೆಚ್ಚುಕಡಿಮೆ ಇದೇ ಭೌತಶಾಸ್ತ್ರವಿದೆ. ಮರಳಿನ ರಾಶಿ ನಿಲ್ಲುವುದು ಕಣಕ್ಕೆ ಕಣ ಒತ್ತಿಕೊಂಡಿರುವುದರಿಂದ. ಸಡಿಲವಾಗಿ ಕೂತ ಒದ್ದೆ ಕಣಗಳು ಕದಲಿದಾಗ ಒಂದಕ್ಕೊಂದು ಹತ್ತಿರ ಸರಿಯಲು ನೋಡುತ್ತವೆ. ನಡುವಿನ ನೀರಿಗೆ ಹೊರಹೋಗಲು ಸಮಯ ಸಿಗದಿದ್ದರೆ ಮೇಲಿನ ಭಾರವನ್ನೆಲ್ಲ ಆ ನೀರೇ ಹೊರಬೇಕಾಗುತ್ತದೆ, ಕಣಗಳ ಹಿಡಿತ ತಪ್ಪುತ್ತದೆ, ಅಲ್ಲಿಯವರೆಗೆ ನೆಲದಂತಿದ್ದದ್ದು ಒಮ್ಮೆಲೇ ಗಂಜಿಯಂತೆ ಹರಿಯುತ್ತದೆ. ಇದನ್ನು ದ್ರವೀಕರಣ ಎನ್ನುತ್ತಾರೆ. ಇದಕ್ಕೆ ಭೂಕಂಪವೇ ಆಗಬೇಕೆಂದಿಲ್ಲ. ಕಟ್ಟೆಯೊಳಗಿನ ನೀರಿನ ಮಟ್ಟ ನಿಧಾನವಾಗಿ ಏರಿದರೂ ಸಾಕು.

ನಮ್ಮ ಜಿಲ್ಲೆಯಲ್ಲಿ ಈ ಮಾತು ಬರುವುದಕ್ಕೆ ಕಾರಣ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಚಿನ್ನದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಒಂದು ಟನ್ ಅದಿರಿನಲ್ಲಿ ಚಿನ್ನ ಇರುವುದು ಕೆಲವೇ ಗ್ರಾಂ. ಆದ್ದರಿಂದ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ, ತಂದ ಬಂಡೆಯಷ್ಟೂ ಕೆಸರಾಗಿ ಹಾಗೆಯೇ ಉಳಿಯುತ್ತದೆ. ಇಂಗ್ಲಿಷಿನ ಟೇಲಿಂಗ್ಸ್ ಎಂಬ ಮಾತಿಗೆ ನಾನು ಗಣಿಹೂಳು ಎನ್ನುತ್ತೇನೆ. ಹೀಗೆ ಶತಮಾನಕ್ಕೂ ಹೆಚ್ಚು ಕಾಲ ಸೇರಿದ ಸುಮಾರು 3.3 ಕೋಟಿ ಟನ್ ಹೂಳು ಊರಿನ ಸುತ್ತ 13 ದಿಬ್ಬಗಳಾಗಿ ನಿಂತಿದೆ. ಜನ ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಆಷಾಢದ ಗಾಳಿಗೆ ಅದರ ಪುಡಿ ಹತ್ತಿರದ ಕಾಲೋನಿಗಳ ಅಡುಗೆಮನೆಯವರೆಗೂ ಬರುತ್ತದೆ. ಮಳೆ ಅದರ ಮೈಯನ್ನು ಸೀಳಿ ಕೊರಕಲು ಮಾಡಿದೆ. ಆದರೂ ಈ ದಿಬ್ಬಗಳು ಬಹುಮಟ್ಟಿಗೆ ಒಣಗಿವೆ, ನೀರಿಲ್ಲದ ಹೂಳು ಹರಿಯುವುದಿಲ್ಲ. ಅವುಗಳಿಂದ ಬರುವ ತೊಂದರೆ ಧೂಳಿನದು, ಕೊಚ್ಚಿಹೋಗುವ ಮಣ್ಣಿನದು. ನಾನು ಬರೆಯಹೊರಟಿರುವುದು ಹಸಿ ಹೂಳಿನ ಕೊಳದ ಬಗ್ಗೆ.

ಕೆರೆಯ ಏರಿಯನ್ನು ಬಲ್ಲವರಿಗೆ ಹೂಳಿನ ಕೊಳದ ಕಟ್ಟೆ ಮೊದಲ ನೋಟಕ್ಕೆ ಪರಿಚಿತವೆನಿಸುತ್ತದೆ, ಆದರೆ ಅದರ ಸ್ವಭಾವ ತೀರ ಬೇರೆ. ಏರಿಯನ್ನು ಮೊದಲು ಪೂರ್ತಿ ಕಟ್ಟಿ, ಆಮೇಲೆ ನೀರು ನಿಲ್ಲಿಸುತ್ತಾರೆ. ಹೂಳಿನ ಕಟ್ಟೆಯಾದರೋ ಗಣಿ ನಡೆಯುವಷ್ಟು ವರ್ಷವೂ ಬೆಳೆಯುತ್ತಲೇ ಇರುತ್ತದೆ. ಮೊದಲು ಒಂದು ಚಿಕ್ಕ ಒಡ್ಡು ಕಟ್ಟಿ, ಅದರ ಮೇಲಿನ ಕೊಳವೆಗಳಿಂದ ಒಳಮುಖವಾಗಿ ಕೆಸರು ಬಿಡುತ್ತಾರೆ. ದಪ್ಪ ಮರಳು ಒಡ್ಡಿನ ಹತ್ತಿರವೇ ಇಳಿಯುತ್ತದೆ, ನುಣುಪು ಕೆಸರು ದೂರಕ್ಕೆ ಸಾಗುತ್ತದೆ, ನೀರು ಇನ್ನೂ ಆಚೆ ನಿಲ್ಲುತ್ತದೆ. ಒಡ್ಡಿನ ಬಳಿ ಒಣಗಿದ ಮರಳಿನ ದಂಡೆಯ ಮೇಲೆಯೇ ಮುಂದಿನ ಒಡ್ಡನ್ನು ಒಳಕ್ಕೆ ಸರಿಸಿ ಕಟ್ಟುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಟ್ಟೆ ತಾನು ತಡೆದಿಟ್ಟ ಹೂಳಿನ ಮೇಲೆಯೇ ನಿಂತಿರುತ್ತದೆ. ಖರ್ಚು ಕಡಿಮೆ, ಆದ್ದರಿಂದಲೇ ಜನಪ್ರಿಯ. 1965ರ ಭೂಕಂಪದಲ್ಲಿ ಎಲ್ ಕೋಬ್ರೆಯ ಕಟ್ಟೆ ಒಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಚಿಲಿ ದೇಶ ಈ ವಿಧಾನವನ್ನು ಕೈಬಿಟ್ಟಿತು.

ನಮ್ಮ ಕೆರೆಯಲ್ಲಿ ನೀರು ಏರಿಯನ್ನು ಮುಟ್ಟಿದರೆ ಊರಿಗೆಲ್ಲ ಸಂಭ್ರಮ. ಹೂಳಿನ ಕೊಳದಲ್ಲಿ ನೀರು ಕಟ್ಟೆಯನ್ನು ಮುಟ್ಟಿತೆಂದರೆ ಯಾರೋ ಕರ್ತವ್ಯ ಮರೆತಿದ್ದಾರೆಂದೇ ಅರ್ಥ. ದಕ್ಷಿಣ ಆಫ್ರಿಕಾದ ಮೆರೀಸ್‌ಪ್ರೈಟ್‌ನಲ್ಲಿ ನಡೆದದ್ದು ಇದೇ. ಅದೂ ಚಿನ್ನದ ಗಣಿಯ ಹೂಳು, ಅದೂ ಮಳೆ ಕಡಿಮೆಯಿರುವ ಸೀಮೆ. ಹೊಸ ಹೂಳು ಬಿಡುವುದನ್ನು ನಿಲ್ಲಿಸಿದ್ದ ಭಾಗಕ್ಕೆ ನೀರು ಮತ್ತು ಕೆಸರನ್ನು ಆಗಾಗ ಬಿಡುತ್ತಲೇ ಇದ್ದರು. ಕೊಳದ ನೀರು ಊರಿನ ಕಡೆಯ ಗೋಡೆಗೆ ಸರಿದಿತ್ತು, ಬುಡದಲ್ಲಿ ಸಣ್ಣಪುಟ್ಟ ಕುಸಿತಗಳೂ ಕಂಡಿದ್ದವು. 1994ರ ಫೆಬ್ರವರಿ 22ರ ಸಂಜೆ ಸುಮಾರು 50 ಮಿಲಿಮೀಟರ್ ಮಳೆ ಸುರಿದು ನೀರು ಕಟ್ಟೆಯನ್ನು ಮೀರಿತು. ಆರು ಲಕ್ಷ ಘನ ಮೀಟರ್ ಕೆಸರು ಮನೆಗಳ ಮೇಲೆ ಹರಿದು 17 ಜನ ಸತ್ತರು. 50 ಮಿಲಿಮೀಟರ್ ಎಂದರೆ ಎರಡು ಅಂಗುಲ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಸಾಲುಸಾಲಾಗಿ ಕೋಡಿ ಹರಿದದ್ದನ್ನು ಕಂಡ ನಮಗೆ ಬರದ ಜಿಲ್ಲೆಯಲ್ಲಿ ಅಂಥ ಮಳೆ ಎಲ್ಲಿಂದ ಬರಬೇಕು ಎಂದು ಕೇಳುವ ಹಕ್ಕಿಲ್ಲ.

ಹಾಗಾದರೆ ಕಾಯುವುದು ಹೇಗೆ? ಕೆರೆಯ ನೀರಗಂಟಿ ಮಾಡುತ್ತಿದ್ದ ಕೆಲಸವನ್ನು ನೆನೆಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ಅವನು ಏರಿಯ ಮೇಲೆ ನಡೆದು ಬಿರುಕು ಹುಡುಕುತ್ತಿದ್ದ, ಆಮೇಲೆ ಕೆಳಗಿಳಿದು ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ನೀರು ತಿಳಿಯಾಗಿದ್ದರೆ ಸುಮ್ಮನಾಗುತ್ತಿದ್ದ. ಕದಡಿದ್ದರೆ ಊರನ್ನು ಕೂಗುತ್ತಿದ್ದ. ತಿಳಿ ನೀರು ಜಿನುಗಿದರೆ ಏರಿ ಬಸಿಯುತ್ತಿದೆ ಎಂದರ್ಥ. ಕದಡಿದ ನೀರು ಬಂದರೆ ಏರಿಯ ಒಳಮಣ್ಣೇ ಹೊರಬರುತ್ತಿದೆ, ಎಲ್ಲೋ ಒಂದು ಬಿಲ ಒಳಮುಖವಾಗಿ ಬೆಳೆಯುತ್ತಿದೆ ಎಂದರ್ಥ. ಇಂದಿಗೂ ಗಣಿಹೂಳಿನ ಕಟ್ಟೆಯ ಬುಡದಲ್ಲಿ ಇದನ್ನೇ ನೋಡುತ್ತಾರೆ. ಜಿನುಗು ನೀರನ್ನೆಲ್ಲ ಒಂದು ಕಾಲುವೆಗೆ ಸೇರಿಸಿ, ಅಡ್ಡಲಾಗಿ ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ತಗಡು ನಿಲ್ಲಿಸುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂಬುದನ್ನು ಅಳೆದರೆ ದಿನಕ್ಕೆ ಎಷ್ಟು ನೀರು ಜಿನುಗುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಮಳೆಯಿಲ್ಲದೆ ಈ ಲೆಕ್ಕ ಏರಿದರೆ ಕೆಟ್ಟದ್ದು. ಥಟ್ಟನೆ ಇಳಿದರೂ ಒಳ್ಳೆಯದಲ್ಲ, ಏಕೆಂದರೆ ಬಸಿಗಾಲುವೆ ಕಟ್ಟಿಕೊಂಡು ನೀರು ಒಳಗೇ ಉಳಿಯುತ್ತಿರಬಹುದು.

ನೀರಗಂಟಿಗೆ ಕಾಣದಿದ್ದದ್ದು ಕಟ್ಟೆಯೊಳಗಿನ ನೀರು. ಅದಕ್ಕಾಗಿ ಪೀಜೋಮೀಟರ್‌ಗಳಿವೆ. ಸರಳವಾದ ಬಗೆ ಎಂದರೆ ತಳದಲ್ಲಿ ಮಾತ್ರ ತೂತುಗಳಿರುವ ಒಂದು ಸಣ್ಣ ಕೊಳವೆಯನ್ನು ಕಟ್ಟೆಯೊಳಗೆ ಇಳಿಸಿ, ಅದರಲ್ಲಿ ನೀರು ಎಷ್ಟು ಏರಿ ನಿಂತಿದೆ ಎಂದು ನೋಡುವುದು. ನಮ್ಮ ರೈತರು ಬೋರ್‌ವೆಲ್‌ಗೆ ದಾರ ಕಟ್ಟಿದ ಕಲ್ಲು ಬಿಟ್ಟು ನೀರು ನೋಡುವ ಹಾಗೆ. ಈಗ ತಂತಿಯ ಕಂಪನದಿಂದ ಒತ್ತಡ ಅಳೆದು ತಾನಾಗಿಯೇ ಅಂಕಿ ಕಳಿಸುವ ಉಪಕರಣಗಳು ಬಂದಿವೆ. ಕಟ್ಟೆ ಒಳಗೊಳಗೇ ವಾಲುತ್ತಿದೆಯೇ ಎಂಬುದನ್ನು ಇನ್‌ಕ್ಲಿನೋಮೀಟರ್ ತೋರಿಸುತ್ತದೆ. ಸೆಂಟಿನೆಲ್-1 ಉಪಗ್ರಹ 12 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದು ರೇಡಾರ್ ಅಲೆಗಳಿಂದ ಮಿಲಿಮೀಟರುಗಳ ಕದಲಿಕೆಯನ್ನೂ ಗುರುತಿಸಬಲ್ಲದು, ಅದರ ದತ್ತಾಂಶ ಯಾರಿಗೆ ಬೇಕಾದರೂ ಉಚಿತ.

ಇಷ್ಟೆಲ್ಲ ಇದ್ದೂ ಬ್ರೆಜಿಲ್‌ನ ಬ್ರುಮಾಡಿನ್ಯೊ ಒಡೆಯಿತು. ಕಬ್ಬಿಣದ ಗಣಿಯ ಆ ಕಟ್ಟೆಯ ಎತ್ತರ 86 ಮೀಟರ್. 2016ರಿಂದ ಅದಕ್ಕೆ ಹೂಳು ಬಿಡುವುದು ನಿಂತಿತ್ತು, ಮೇಲೆ ಹುಲ್ಲು ಬೆಳೆದಿತ್ತು, ಕಟ್ಟೆ ಸ್ಥಿರವಾಗಿದೆ ಎಂಬ ಪ್ರಮಾಣಪತ್ರ ಕೆಲವೇ ತಿಂಗಳ ಹಿಂದೆ ಸಿಕ್ಕಿತ್ತು. 2019ರ ಜನವರಿ 25ರ ಮಧ್ಯಾಹ್ನ ಹತ್ತು ಸೆಕೆಂಡಿನೊಳಗೆ ಅದರ ಮುಖವೇ ಕುಸಿಯಿತು. ಐದು ನಿಮಿಷದೊಳಗೆ 97 ಲಕ್ಷ ಘನ ಮೀಟರ್ ಹೂಳು ಹೊರಬಂತು, 270 ಜನ ಸತ್ತರು. ಒಡೆಯುವ ಮುನ್ನ ಎಚ್ಚರಿಸುವಂಥ ಕದಲಿಕೆ ಕಾಣಲಿಲ್ಲವೆಂದು ತಜ್ಞರ ಸಮಿತಿ ಹೇಳಿತು. ಉಪಗ್ರಹದ ಮಾಹಿತಿಯನ್ನು ಆಮೇಲೆ ಬೇರೆ ರೀತಿಯಲ್ಲಿ ಪರಿಶೀಲಿಸಿದ ಸಂಶೋಧಕರು ಕದಲಿಕೆಯ ವೇಗ ಹೆಚ್ಚುತ್ತಿದ್ದುದು ಕಾಣುತ್ತದೆ ಎಂದರು. ಈ ವಾದದಲ್ಲಿ ಯಾರು ಸರಿಯಾದರೂ ನನಗೆ ಮುಖ್ಯವಾಗಿ ತೋರುವುದು ಬೇರೆ: ಹೂಳು ಬಿಡುವುದನ್ನು ನಿಲ್ಲಿಸಿದರೂ ಒಳಗಿನ ನೀರು ಬಸಿದುಹೋಗಿರಲಿಲ್ಲ, ಮಳೆ ಅದಕ್ಕೆ ಸೇರುತ್ತಲೇ ಇತ್ತು. ಸಡಿಲ ಹೂಳು ಎಚ್ಚರಿಕೆಯನ್ನೇ ಕೊಡದೆ ಜಾರಬಲ್ಲದು ಎಂದಾದರೆ, ಉಪಕರಣದ ಗಂಟೆ ಬಾರಿಸಿದಾಗ ಓಡೋಣ ಎಂಬ ಯೋಜನೆ ಯೋಜನೆಯೇ ಅಲ್ಲ. ಕಟ್ಟುವಾಗಲೇ ನೀರನ್ನು ಹಿಂಡಿ, ಹೂಳನ್ನು ಗಟ್ಟಿಯಾಗಿ ತುಳಿದು ಒಟ್ಟುವ ವಿಧಾನಗಳಿವೆ. ದುಬಾರಿ ನಿಜ, ಆದರೆ ನೀರಿಗೆ ಬರವಿರುವ ನಮ್ಮಂಥ ಕಡೆ ಹಿಂಡಿದ ನೀರನ್ನು ಮತ್ತೆ ಬಳಸಬಹುದು.

ಈ ಲೆಕ್ಕ ಕೆಜಿಎಫ್‌ಗೆ ಈಗ ಏಕೆ ಬೇಕೆಂದರೆ, ಆ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಒಣ ದಿಬ್ಬವನ್ನು ಕರಗಿಸಿ ಮತ್ತೆ ತೊಳೆಯುವುದೆಂದರೆ ದಶಕಗಳಿಂದ ಆರಿದ ಹೂಳನ್ನು ಮತ್ತೆ ಹಸಿ ಮಾಡುವುದು. ತೊಳೆದ ಮೇಲೆ ಅದನ್ನು ಎಲ್ಲಾದರೂ ಇಡಲೇಬೇಕು. ಯೋಜನೆಯ ನಕ್ಷೆ ಜನರ ಮುಂದೆ ಬಂದ ದಿನ ನಾನು ಮೊದಲು ಹುಡುಕುವುದು ಹೊಸ ಕೊಳದ ಇಳಿಜಾರಿನಲ್ಲಿ ಏನಿದೆ ಎಂಬುದನ್ನು. ಬ್ರುಮಾಡಿನ್ಯೊದಲ್ಲಿ ಕಟ್ಟೆಯ ಕೆಳಗೆ ಗಣಿಯ ಕಚೇರಿಯಿತ್ತು, ಕಾರ್ಮಿಕರ ಕ್ಯಾಂಟೀನಿತ್ತು. ಕಟ್ಟೆ ಒಡೆದದ್ದು ಊಟದ ಹೊತ್ತಿನಲ್ಲಿ.