ನಯಾಪೈಸೆ ಅಂದರೆ ಎಷ್ಟು?

"ಒಂದು ನಯಾಪೈಸೆನೂ ಬಿಡಕ್ಕಾಗಲ್ಲ ಕಣಣ್ಣ." ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ತೂಗುತ್ತಾ ಒಬ್ಬ ಅಕ್ಕ ಹೇಳಿದ್ದು. ನಾನು ದುಡ್ಡು ಕೊಟ್ಟಿದ್ದು ಫೋನಿನಲ್ಲಿ. ಆದರೂ ಚೌಕಾಸಿಗೆ ಬೇಕಾಗಿದ್ದು ಅದೇ ಹಳೇ ನಯಾಪೈಸೆ!

ನಯಾ ಅಂದರೆ ಹಿಂದಿಯಲ್ಲಿ ಹೊಸದು. ಹಾಗಾದರೆ ಹಳೇ ಪೈಸೆ ಯಾವುದು? ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಬ್ರಿಟಿಷ್ ರಾಜನ ಮುಖದ ನಾಣ್ಯಗಳೇ ಓಡಾಡಿದವು. 1950ರಲ್ಲಿ ರಾಜನ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಒಂದು ಪೈಸೆಯ ಹಿಂಬದಿ ಕುದುರೆ, ಒಂದಾಣೆಯ ಹಿಂಬದಿ ಗೂಳಿ. ಚಿತ್ರ ಬದಲಾಯಿತು, ಲೆಕ್ಕ ಮಾತ್ರ ಹಳೆಯದೇ: ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಅಂದರೆ ರೂಪಾಯಿಗೆ 64 ಪೈಸೆ.

1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಹಳೇ ಪೈಸೆ ಇನ್ನೂ ಜನರ ಕೈಯಲ್ಲಿತ್ತಲ್ವಾ, ಗೊಂದಲ ಆಗಬಾರದು ಅಂತ ಹೊಸದಕ್ಕೆ 'ನಯಾ' ಸೇರಿಸಿದರು. ಗೊಂದಲ ತಪ್ಪಲಿಲ್ಲ ಬಿಡಿ. ಒಂದಾಣೆ ಅಂದರೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಲೆಕ್ಕ ಕಟ್ಟಿದರು. ಒಂದಾಣೆಯ ಬಾಳೆಹಣ್ಣು ನಾಲ್ಕನ್ನು ಒಟ್ಟಿಗೆ ಕೊಂಡರೆ 25, ಒಂದೊಂದೇ ಕೊಂಡರೆ 24. ಜಿಪುಣರಿಗೆ ಹಬ್ಬ!

ಇನ್ನೊಂದು ತಮಾಷೆ. ನಮ್ಮ ಕಡೆ 'ಕಾಸು' ಅಂದರೆ ಹಳೇ ಲೆಕ್ಕದ ಪೈ. ಮೂರು ಪೈಗೆ ಒಂದು ಹಳೇ ಪೈಸೆ. ಆದ್ದರಿಂದ 'ಮೂರು ಕಾಸಿನ ಬೆಲೆ ಇಲ್ಲ' ಅನ್ನೋ ಬೈಗುಳದ ಮೂರು ಕಾಸು ಅಂದರೆ ಒಂದೂವರೆ ನಯಾಪೈಸೆಗಿಂತ ಸ್ವಲ್ಪ ಜಾಸ್ತಿಯೇ. ನಯಾಪೈಸೆಗೂ ಲಾಯಕ್ಕಿಲ್ಲ ಅನ್ನಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಅವಮಾನ.

1964ರ ಜೂನ್ 1ರಂದು 'ನಯಾ' ಬಿಟ್ಟುಹೋಯಿತು, ಬರೀ ಪೈಸೆ ಉಳಿಯಿತು. ನಾಣ್ಯದಿಂದ ಹೋದದ್ದು ಬಾಯಿಂದ ಹೋಗಲಿಲ್ಲ.

ನಮ್ಮಜ್ಜಿಯ ಎಲೆಅಡಿಕೆ ಚೀಲದಲ್ಲಿ ಒಂದು ನಯಾಪೈಸೆ ನಾಣ್ಯ ಸಿಕ್ಕಿತ್ತು. ಕಂಚಿನದು, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಸುಣ್ಣ ಮೆತ್ತಿ ಅರ್ಧ ಬೆಳ್ಳಗಾಗಿತ್ತು. ಉಜ್ಜಿದಾಗ ಹಿಂದಿಯಲ್ಲಿ 'ರೂಪಾಯಿಯ ನೂರನೇ ಒಂದು ಭಾಗ' ಅಂತ ಬರೆದಿದ್ದು ಕಾಣಿಸಿತು. ಲೆಕ್ಕ ಮರೆತವರಿಗೆ ನಾಣ್ಯದ ಮೇಲೇ ಪಾಠ.